ವರ್ನಿಯರ್ ಹಿಡಿದು ಕೊಂಡ ಹಸಿರು ಬಳೆ

ಚನ್ನಬಸಪ್ಪನವರ ಜೊತೆ ಗಾಜುವಾಕ ಮಾರ್ಕೆಟ್ಟಿಗೆ ಹೋಗುವುದೆಂದರೆ ನನಗೆ ಸಂಕಟ. ತರಕಾರಿಯವನು ಟೊಮೆಟೊ ಸುರಿಯುವ ಮೊದಲೇ ಇವರು ಜೇಬಿನಿಂದ ಹಿತ್ತಾಳೆಯ ಪುಟ್ಟ ತೂಕದ ಕಲ್ಲು ತೆಗೆದು ಅವನ ತಕ್ಕಡಿಯ ಮೇಲೆ ಇಡುತ್ತಾರೆ. ನೂರು ಗ್ರಾಮಿನ ಕಲ್ಲಿಗೆ ತಕ್ಕಡಿ ನೂರು ಎಂದರೆ ಮಾತ್ರ ವ್ಯಾಪಾರ. ದೂರದಲ್ಲಿ ಅವರ ತಲೆ ಕಂಡರೆ ಸಾಕು, "ಕೊಲತಲ ಸಾರ್ ವಸ್ತುನ್ನಾರು" ಎಂದು ಅಂಗಡಿಯವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಅಳತೆ ಸಾಹೇಬರು ಬರುತ್ತಿದ್ದಾರೆ ಎಂದರ್ಥ. ಅವರಿಗೇನೂ ಬೇಸರವಿಲ್ಲ. ಪಕ್ಕದಲ್ಲಿ ಚೀಲ ಹಿಡಿದು ನಿಂತ ನನಗೇ ನಾಚಿಕೆ.

ನಾನು ರಾಜಮ್ಮ, ಅವರ ಪಕ್ಕದ ಫ್ಲಾಟಿನವಳು. ನಮ್ಮ ಯಜಮಾನರು ನೌಕಾಪಡೆಯಿಂದ ನಿವೃತ್ತರಾದ ಮೇಲೆ ಮೈಸೂರಿಗೆ ಹೋಗದೆ ವಿಶಾಖಪಟ್ಟಣದಲ್ಲೇ ಉಳಿದೆವು. ಚನ್ನಬಸಪ್ಪನವರು ಗದಗಿನ ಕಡೆಯವರು. ಹರೆಯದಲ್ಲಿ ಕೆಲಸ ಹುಡುಕಿಕೊಂಡು ಬಂದವರು ಇಲ್ಲೇ ಬೇರು ಬಿಟ್ಟರು. ಅಳತೆಯ ಯಂತ್ರಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ ಚೀಟಿ ಅಂಟಿಸುವುದು ಅವರ ಉದ್ಯೋಗ. ಒಂದು ದಿನ ಆಸ್ಪತ್ರೆಯ ಬಿಪಿ ಯಂತ್ರ, ಮರುದಿನ ಅಕ್ಕಸಾಲಿಗನ ತಕ್ಕಡಿ.

ಔಷಧ ಕಾರ್ಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇರುತ್ತದಂತೆ. ಅದರ ಮುಂದೆ ಉಸಿರು ಬಿಟ್ಟರೂ ಅಂಕಿ ಓಡಾಡುತ್ತದಂತೆ, ಹಾಗಾಗಿ ಉಸಿರು ಹಿಡಿದು ನಿಲ್ಲಬೇಕಂತೆ. ಬಂದರಿನ ಹತ್ತಿರ ಕಲ್ಲಿದ್ದಲಿನ ಲಾರಿ ತೂಗುವಲ್ಲಿ ಮಾತ್ರ ಹತ್ತು ಕಿಲೊ ಆಚೀಚೆಯಾದರೂ ಕೇಳುವವರಿಲ್ಲ. "ಹಾಗಾದ್ರೆ ಲಾರಿ ತಕ್ಕಡಿ ಸುಳ್ಳು ಹೇಳುತ್ತೆ ಅನ್ನಿ" ಎಂದು ಒಮ್ಮೆ ಕೆಣಕಿದೆ.

"ಅಲ್ರೀ ರಾಜಮ್ಮಾರ, ಲಾರಿಗೆ ಅಷ್ಟು ಸಾಕು. ಗುಳಿಗಿಗೆ ಅಷ್ಟು ಸಾಲಂಗಿಲ್ಲ. ಯಾವ ಕೆಲಸಕ್ಕ ಎಷ್ಟು ಬೇಕೋ ಅಷ್ಟು ಖರೆ ಇರಬೇಕು. ಆದ್ರ ದಿನಾ ಐವತ್ತು ಗ್ರಾಂ ಜಾಸ್ತಿ ತೋರಿಸೋ ತಕ್ಕಡಿ ಐತಲ್ರೀ, ಅದು ಭಾಳ ಕೆಟ್ಟದ್ದು. ಒಂದ ಸುಳ್ಳು ದಿನಾ ಹೇಳಿದ್ರ ಮಂದಿ ಅದನ್ನ ಖರೆ ಅಂತ ನಂಬತಾರ."

ನಾನು ಅಂದಾಜಿನ ಹೆಂಗಸು. ಉಪ್ಪು, ಹುಳಿ, ಖಾರ ಎಲ್ಲ ಕೈಯಳತೆ. ಅವರ ಹೆಂಡತಿ ಮಂಗಳಾಗೌರಿಯೂ ಹಾಗೆಯೇ. ಆಕೆ ತಟ್ಟಿದ ಜೋಳದ ರೊಟ್ಟಿಗಳೆಲ್ಲ ಒಂದೇ ದಪ್ಪ ಇವೆಯೇ ಎಂದು ಈ ಮಹಾನುಭಾವರು ಒಂದು ಸಲ ವರ್ನಿಯರ್ ಹಿಡಿದು ನೋಡಿದ್ದರು. ವರ್ನಿಯರ್ ಎಂದರೆ ಎರಡು ದವಡೆಯ ಉಕ್ಕಿನ ಅಳತೆಕೋಲು, ಕೂದಲಿನಷ್ಟು ವ್ಯತ್ಯಾಸವನ್ನೂ ಹಿಡಿಯುತ್ತದೆ. ಮಂಗಳಾಗೌರಿ ಅದನ್ನು ಕಸಿದು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಳು. ಒಂದು ವಾರ ಗಂಡನಿಗೆ ಅನ್ನ ರುಚಿಸಲಿಲ್ಲ.

ಅವರ ಒಬ್ಬಳೇ ಮಗಳು ನಿಶ್ಚಿತಾ ವಿಜಯವಾಡದಲ್ಲಿದ್ದಾಳೆ. ಅಳಿಯ ಆದಿತ್ಯ ತೆಲುಗಿನವನು, ಇಬ್ಬರೂ ಮೆಚ್ಚಿ ಮದುವೆಯಾದವರು. ಮೊದಲ ಬಸಿರು ನಿಲ್ಲದೆ ಹೋಗಿ, ಆಮೇಲೆ ವರ್ಷಗಟ್ಟಲೆ ಕಾದು, ಈಗ ಮತ್ತೆ ಬಸುರಾಗಿ ಏಳನೇ ತಿಂಗಳು ನಡೆಯುತ್ತಿತ್ತು. ಕುಬಸ ಮಾಡಬೇಕು, ತವರಿನಿಂದ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ಕುಬಸಕ್ಕೆ ಮೂರು ವಾರ ಮೊದಲು ನಿಶ್ಚಿತಾ ಇಲ್ಲಿಗೆ ಬಂದಿದ್ದಾಗ ತನ್ನ ಕೈಯಿಂದ ಒಂದು ಗಾಜಿನ ಬಳೆ ಸುಲಭವಾಗಿ ಜಾರಿಸಿ ಅಪ್ಪನಿಗೆ ಕೊಟ್ಟಳು. "ನಾನ್ನಾ, ಸೈಜು ಇದೇ ನೋಡ್ರಿ."

ಯಾರಾದರೂ ಆ ಬಳೆಯನ್ನು ಅಂಗಡಿಯಲ್ಲಿ ತೋರಿಸಿ ಎರಡು ಡಜನ್ ತರುತ್ತಾರೆ. ಇವರು ಗಂಗಾಭವಾನಿಯ ಬಳೆ ಅಂಗಡಿಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು, ಒಂದೊಂದೇ ಬಳೆಗೆ ವರ್ನಿಯರ್ ಇಟ್ಟರು. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ. ಸ್ವಲ್ಪ ಸೊಟ್ಟಗಿದ್ದದ್ದನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ಗಿರಾಕಿಗಳು ಸಾಲುಗಟ್ಟಿದರು. ಗಂಗಾಭವಾನಿ ತಾಳುವಷ್ಟು ತಾಳಿ, "ಏಮಂಡೀ, ಇವಿ ಗಾಜುಲಂಡೀ! ರಾಕೆಟ್ ಪಾರ್ಟ್ಸ್ ಕಾದು!" ಎಂದು ಚೀರಿದಳು. ಬಳೆಗಳಪ್ಪಾ ಇವು, ರಾಕೆಟ್ಟಿನ ಭಾಗಗಳಲ್ಲ ಎಂದು. ನಾನು ಆಕೆಯ ಪಕ್ಷ.

ಕುಬಸಕ್ಕೆ ಮಂಗಳಾಗೌರಿ ನನ್ನನ್ನೂ ಎಳೆದುಕೊಂಡು ಹೊರಟಳು. ಬೆಳಗಿನ ರೈಲು. ಚನ್ನಬಸಪ್ಪನವರು ಬಳೆಯ ಡಬ್ಬಿಯನ್ನು ಮೇಲೆ ಇಡಲಿಲ್ಲ, ಕೆಳಗೆ ಇಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಕೂತರು. ರಾಜಮಂಡ್ರಿಯಲ್ಲಿ ಗೋದಾವರಿ ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಿಂದ ಕಾಸು ಎಸೆದು ಕೈ ಮುಗಿದರೆ, ಇವರು ಎರಡೂ ಕೈಯಿಂದ ಡಬ್ಬಿ ಹಿಡಿದೇ ತಲೆ ಬಾಗಿಸಿದರು. ನನಗೆ ನಗು ಬಂತು, ಪ್ರೀತಿಯೂ ಬಂತು.

ಮರುದಿನ ಬೆಳಿಗ್ಗೆ ವಿಜಯವಾಡದಲ್ಲಿ, ಕಾಲುವೆಯ ಪಕ್ಕದ ಅಳಿಯನ ಮನೆಯಲ್ಲಿ ಶಾಸ್ತ್ರ. ಅವರು ಸೀಮಂತಂ ಎಂದರು, ನಾವು ಕುಬಸ ಎಂದೆವು. ಹಸಿರು ಬಳೆ ಎರಡು ಕಡೆಗೂ ಬೇಕಾದದ್ದೇ. ನಿಶ್ಚಿತಾಳನ್ನು ಕುರ್ಚಿಯ ಮೇಲೆ ಕೂರಿಸಿ ಹೆಂಗಸರೆಲ್ಲ ಸುತ್ತ ಕೂತೆವು. ಗಂಡಸರು ಪದ್ಧತಿಯಂತೆ ವರಾಂಡದಲ್ಲಿ. ಮುಖ ತುಂಬಿಕೊಂಡು ಕಳೆಕಳೆಯಾಗಿದ್ದಾಳೆ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಬೀಗಿತ್ತಿ ಲಕ್ಷ್ಮೀಕಾಂತಮ್ಮ ಮೊದಲ ಬಳೆ ಕೈಗೆ ತೊಡಿಸಹೋದರು. ಅದು ಗೆಣ್ಣಿನ ಹತ್ತಿರವೇ ನಿಂತಿತು.

ಸಾಬೂನು ನೀರು ಹಚ್ಚಿದರು. ಒತ್ತಿದರು. ನಿಶ್ಚಿತಾ ತುಟಿ ಕಚ್ಚಿದಳು. ಪಟ್ ಎಂದು ಬಳೆ ಒಡೆಯಿತು.

ಅಂಥ ಹೊತ್ತಿನಲ್ಲಿ ಬಳೆ ಒಡೆಯಬಾರದು. ಲಕ್ಷ್ಮೀಕಾಂತಮ್ಮನೇ ಸುಧಾರಿಸಿಕೊಂಡು, "ಅನ್ನಯ್ಯಗಾರು ಮಿಷನ್ ಪೆಟ್ಟಿ ಕೊನ್ನಾರಟ!" ಎಂದು ನಕ್ಕರು. ಬೀಗರು ಯಂತ್ರ ಇಟ್ಟು ಅಳೆದು ತಂದ ಬಳೆಯಂತೆ! ಎಲ್ಲರೂ ಘೊಳ್ಳೆಂದರು. ಅಳೆದೂ ಸುರಿದೂ ಕೊನೆಗೆ ಚಿಕ್ಕ ಬಳೆ ತಂದರಲ್ಲ ಎಂದು ನಾನೂ ನಕ್ಕೆ. ಮಂಗಳಾಗೌರಿಯ ಮುಖ ಕೆಂಪಾಯಿತು. ಪಕ್ಕದ ಬೀದಿಯಿಂದ ದೊಡ್ಡ ಬಳೆ ತರಿಸೋಣ, ಮುಹೂರ್ತ ಮೀರಬಾರದು ಎಂದು ಯಾರೋ ಎದ್ದರು.

ಆಗ ಚನ್ನಬಸಪ್ಪನವರು ವರಾಂಡದಿಂದ ನೇರ ಹೆಂಗಸರ ನಡುವೆ ನಡೆದು ಬಂದರು. ಡಬ್ಬಿಯಿಂದ ಒಂದು ಬಳೆ ತೆಗೆದು ವರ್ನಿಯರ್ ಇಟ್ಟರು. ಇನ್ನೊಂದಕ್ಕೂ ಇಟ್ಟರು. ನಗು ಹೆಚ್ಚಾಯಿತು. ಅವರ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಬಳಿ ಬರೋಬ್ಬರಿ ಐತಿ" ಎಂದರು. "ಗಾಜು ಕುಗ್ಗಂಗಿಲ್ಲ. ಮೂರು ವಾರದಾಗ ಕೈ ಬದಲಾಗೇತಿ."

ಮಗಳ ಮುಂದೆ ನೆಲದ ಮೇಲೆ ಕೂತು ಅವಳ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಗುಳಿ ಹಾಗೇ ಉಳಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ, ಆದರೂ ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಮುಖದ ಆ ಕಳೆಯೂ ಬಾವು ಎಂದು ನನಗೆ ಆಗ ಹೊಳೆಯಿತು.

"ತಲಿ ನೋಯ್ತೈತೇನು, ತಂಗಿ?"

ನಿಶ್ಚಿತಾ ಅತ್ತೆಯ ಕಡೆ ನೋಡಿ, ತಲೆ ತಗ್ಗಿಸಿದಳು. "ಎರಡು ದಿನದಿಂದ, ನಾನ್ನಾ. ಕಣ್ಣು ಮಂಜು ಆಗ್ತದ. ಎಲ್ಲಾರೂ ಇಷ್ಟು ದೂರದಿಂದ ಬರ್ತೀರಿ, ಫಂಕ್ಷನ್ ಕೆಡಬಾರದು ಅಂತ..."

ಲಕ್ಷ್ಮೀಕಾಂತಮ್ಮ ಕೆಟ್ಟವರಲ್ಲ. ಏಳನೇ ತಿಂಗಳಲ್ಲಿ ಎಲ್ಲರಿಗೂ ಕೈಕಾಲು ಬಾಯುತ್ತದೆ, ನನಗೂ ಬಾತಿತ್ತು, ಶಾಸ್ತ್ರ ಮುಗಿಸಿ ಸಂಜೆ ಹೋದರಾಯಿತು ಎಂದು ತೆಲುಗಿನಲ್ಲಿ ಹೇಳಿದರು. ಆ ಮಾತೂ ಸುಳ್ಳಲ್ಲ. ಬಳೆ ತೊಡಿಸುವ ಮೊದಲೇ ಬಸುರಿಯನ್ನು ಎಬ್ಬಿಸುವುದು ಅವರ ಮನೆಗೆ ಅಪಶಕುನ. ಆದರೆ ಬೀಗರ ಮುಂದೆ ಎಂದೂ ಎದುರಾಡದ ಮನುಷ್ಯ ಎದ್ದು ನಿಂತು ಕೈ ಮುಗಿದರು.

"ಅಮ್ಮಾರ, ನಾ ತಪ್ಪಾಗಿದ್ರ ಜೀವ ಇರೋತನಕ ನಗ್ರಿ. ಈಗ ಮಾತ್ರ ಕಳಸ್ರಿ."

ಅದನ್ನು ತೆಲುಗಿನಲ್ಲಿ ಹೇಳಬೇಕೆಂಬುದೂ ಅವರಿಗೆ ನೆನಪಾಗಲಿಲ್ಲ. ಆದಿತ್ಯ ಕಾರಿನ ಕೀಲಿ ತೆಗೆದುಕೊಂಡ.

ಆಸ್ಪತ್ರೆಯಲ್ಲಿ ನರ್ಸ್ ನಿಶ್ಚಿತಾಳ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ನೂರಾ ಎಪ್ಪತ್ತು, ನೂರಾ ಹತ್ತು. ಚನ್ನಬಸಪ್ಪನವರು ಯಂತ್ರದ ಪಕ್ಕದ ಚೀಟಿ ಓದಿದರು. ಪರೀಕ್ಷೆಯಾಗಿ ಹೆಚ್ಚು ದಿನವಾಗಿರಲಿಲ್ಲ. "ಇನ್ನೊಂದು ಮಿಷನ್ ತರ್ರಿ" ಎಂದು ಗೋಗರೆದರು. ಪಾಪ, ಆ ಹುಡುಗಿ ತಂದಳು. ಅದೂ ಅಷ್ಟೇ ಹೇಳಿತು. ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತರು.

"ರಾಜಮ್ಮಾರ, ಇಷ್ಟು ವರ್ಷದಾಗ ಮೊದಲನೇ ಸಲ ಮಿಷನ್ ಸುಳ್ಳು ಹೇಳ್ಲಿ ಅಂತ ಬೇಡಿಕೊಂಡೆ ನೋಡ್ರಿ" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಡಾಕ್ಟರಮ್ಮ ತಕ್ಷಣ ಸೇರಿಸಿಕೊಂಡರು. ಸಂಜೆಯವರೆಗೆ ಬಿಟ್ಟಿದ್ದರೆ ಫಿಟ್ಸ್ ಬರುವ ಸಾಧ್ಯತೆಯಿತ್ತು, ತಾಯಿ ಮಗು ಇಬ್ಬರಿಗೂ ಅಪಾಯವಿತ್ತು ಎಂದರು. ಲಕ್ಷ್ಮೀಕಾಂತಮ್ಮ ಕಾರಿಡಾರಿನಲ್ಲಿ ಮಂಗಳಾಗೌರಿಯ ಕೈ ಹಿಡಿದುಕೊಂಡೇ ಕೂತಿದ್ದರು. ಔಷಧದಲ್ಲಿ ಆದಷ್ಟು ದಿನ ತಳ್ಳಿ, ಕೊನೆಗೆ ತಿಂಗಳು ತುಂಬುವ ಮುಂಚೆಯೇ ಆಪರೇಷನ್ ಮಾಡಿ ತೆಗೆದರು. ಹೆಣ್ಣು ಮಗು, ಅಂಗೈಯಗಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಾತ ಅದರ ಮುಂದೆ ಉಸಿರು ಹಿಡಿದು ನಿಲ್ಲುತ್ತಿದ್ದರಂತೆ, ಕಾರ್ಖಾನೆಯ ಅಭ್ಯಾಸ.

ಮಗು ಮೈ ಹಿಡಿದ ಮೇಲೆ ಅದೇ ಮನೆಯಲ್ಲಿ ನಾಮಕರಣವಾಯಿತು. ನಾವೆಲ್ಲ ಮತ್ತೆ ಹೋದೆವು. ತೊಟ್ಟಿಲು ತೂಗಿದ ಮೇಲೆ ಲಕ್ಷ್ಮೀಕಾಂತಮ್ಮ ಒಳಗಿನಿಂದ ಆ ಬಳೆಯ ಡಬ್ಬಿ ತಂದರು. ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದರಂತೆ. ವರಾಂಡದಲ್ಲಿದ್ದ ಬೀಗರನ್ನು ತಾವೇ ಕರೆದು, ಹೆಂಗಸರ ನಡುವೆ ಕೂರಿಸಿ, ಡಬ್ಬಿ ಕೈಗೆ ಕೊಟ್ಟರು.

"ಮೀರೇ ವೇಯಂಡಿ, ಅನ್ನಯ್ಯಗಾರು." ನೀವೇ ತೊಡಿಸಿ.

ನಿಶ್ಚಿತಾ ಕೈ ಚಾಚಿದಳು. ಮೊದಲ ಬಳೆ ಗೆಣ್ಣು ದಾಟಿ ಸಲೀಸಾಗಿ ಮಣಿಕಟ್ಟಿಗೆ ಇಳಿಯಿತು. ಎರಡನೆಯದು ಅದಕ್ಕೆ ತಾಗಿ ಕಿಣಿ ಎಂದಿತು. ಚನ್ನಬಸಪ್ಪನವರ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡೂ ಕೈ ತುಂಬಿದ ಮೇಲೆ ಒಂದು ಕೈಯಲ್ಲಿ ಒಂದು ಬಳೆ ಕಡಿಮೆಯಾಗಿತ್ತು.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ಏನ್ ಚನ್ನಬಸಪ್ಪನೋರೆ, ಲೆಕ್ಕ ತಪ್ಪಿತಲ್ಲ! ಒಂದು ಕಡಿಮೆ ಬಿತ್ತು" ಎಂದೆ.

ಅವರು ಮಗಳ ಕೈ ಬಿಡದೆ ನನ್ನ ಕಡೆ ನೋಡಿದರು.

"ಇರಲಿ ಬಿಡ್ರೀ ರಾಜಮ್ಮಾರ" ಎಂದರು. "ಆ ಒಂದು ತನ್ನ ಕೆಲಸ ಮಾಡಿ ಹೋಗೇತಿ."