ಮೇಡಂ ಸಾಲಿನ ಖಾಲಿ ಜಾಗ

ಮೇಡಂ ತಮ್ಮ ಕನ್ನಡಕದ ಮುರಿದ ಕಡ್ಡಿಗೆ ಹಳದಿ ರೇಷ್ಮೆನೂಲು ಸುತ್ತಿಕೊಂಡಿದ್ದರು. ಹುತ್ತೂರು ಕಡೆಯ ನೂಲು, ಜಪ್ಪಯ್ಯ ಅಂದ್ರೂ ಬಿಚ್ಚಲ್ಲ ಅನ್ನುತ್ತಿದ್ದರು. ಹೊಸದು ಮಾಡಿಸಿಕೊಳ್ಳಿ ಎಂದರೆ, "ಪರ್ವಾಲೇದು ಬಿಡೇ" ಅಷ್ಟೇ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸು. ಮೇಡಂ ದಿನಾ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ಊಟ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಮಾಡುತ್ತಿದ್ದರು. ಮನೆಯ ಮಾತೆತ್ತುತ್ತಿರಲಿಲ್ಲ, ನಾವೂ ಕೇಳಲಿಲ್ಲ.

ವಕ್ಕಲೇರಿ ಕಡೆಯ ಡೇರಿಯವರಿಂದ ಹಾಲಿನ ವಿವರ ಜೇಸನ್ ಫೈಲಾಗಿ ಬರುತ್ತಿತ್ತು, ಪ್ರತಿ ಅಂಕಿಯ ಪಕ್ಕ ಒಂದು ಹೆಸರು. ಜಿಡ್ಡಿಗೆ ಅವರು 'ಟೆಸ್ಟ್' ಅನ್ನುತ್ತಿದ್ದರು, ನಮ್ಮ ಪ್ರೋಗ್ರಾಮಿನಲ್ಲಿ ಅದು 'ಫ್ಯಾಟ್'. ಅದೇ ಇದು ಎಂದು ಮ್ಯಾಪಿಂಗ್ ಬರೆಯುವುದನ್ನು ನಾನು ಮರೆತೆ. ಪ್ರೋಗ್ರಾಮು ನಿಲ್ಲಲಿಲ್ಲ, ದೂರಲೂ ಇಲ್ಲ. ಹಸುಗಳೆಲ್ಲ ನೀರು ಕರೆದಂತೆ ಜಿಡ್ಡೆಲ್ಲ ಸೊನ್ನೆ! ಮೇಡಂ ಬೈಯಲಿಲ್ಲ. "ಅವರು ಕಳಿಸಿದ್ದಾರೆ ಕಣೇ, ನಾವು ತಗೊಂಡಿಲ್ಲ. ಖಾಲಿ ಕಂಡ್ರೆ ಮೊದಲು ನಿನ್ನ ಮ್ಯಾಪಿಂಗ್ ನೋಡ್ಕೋ" ಎಂದರು.

ಮುಂದೆ ನಮ್ಮ ಸಿಬ್ಬಂದಿಯ ವಿವರಗಳನ್ನೇ ಹೊಸ ಪ್ರೋಗ್ರಾಮಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೇಡಂ ಸಾಲಿನಲ್ಲಿ 'ತುರ್ತಿಗೆ ಯಾರನ್ನು ಕರೆಯಬೇಕು' ಎಂಬ ಜಾಗ ಖಾಲಿ. ಅವರ ಪಾಠದಂತೆ ಮಧ್ಯಾಹ್ನವೆಲ್ಲ ಮ್ಯಾಪಿಂಗ್ ತಡಕಾಡಿದೆ. ಉಳಿದವರದೆಲ್ಲ ಸರಿಯಾಗಿಯೇ ಬಂದಿತ್ತಲ್ಲ, ಅಷ್ಟೂ ಹೊಳೆಯಬಾರದೇ ನನ್ನ ಮಂಡೆಗೆ! ಕೊನೆಗೆ ಅವರನ್ನೇ ಕರೆದು ತೋರಿಸಿದೆ.

ಕನ್ನಡಕ ಮೇಲಕ್ಕೇರಿಸಿ ನೋಡಿದರು. "ನಿನ್ನ ಮ್ಯಾಪಿಂಗ್ ಸರಿಯಾಗೇ ಇದೆ. ನಾನೇ ಬರೆದಿಲ್ಲ. ಬರೆಯೋಕೆ ಯಾರಿದ್ದಾರೆ ಹೇಳು?"

ನಾಚಿಕೆಯಾಯಿತು, ಅಳುವೂ ಬಂತು. ಅಲ್ಲಿ ನನ್ನ ಹೆಸರು, ಫೋನ್ ನಂಬರು ತುಂಬಿದೆ. 'ಸಂಬಂಧ' ಎಂಬಲ್ಲಿ ಕೈ ನಿಂತಿತು. ಅದು ಹಾಗೇ ಇರಲಿ ಎಂದರು. ಮರುದಿನ ಊಟದ ಹೊತ್ತಿಗೆ ಕಿಟಕಿಯ ಬಳಿ ಇನ್ನೊಂದು ಕುರ್ಚಿ ಹಾಕಿದ್ದರು.

ಆಮೇಲೆ ನಾನು ಬೇರೆ ಕೆಲಸ ಹಿಡಿದು ಮುಳಬಾಗಿಲಿಗೆ ಬಂದೆ. ಬಂದವಳು ಒಮ್ಮೆಯೂ ಅವರಿಗೆ ಫೋನ್ ಮಾಡಲಿಲ್ಲ, ಪಾಪಿ. ನಾಳೆ ಮಾಡೋಣ, ನಾಳೆ ಮಾಡೋಣ ಎನ್ನುತ್ತಲೇ ಎರಡು ಮಾವಿನ ಸುಗ್ಗಿ ಕಳೆದವು.

ಒಂದು ಬೆಳಗ್ಗೆ ಕೋಲಾರದ ಆಸ್ಪತ್ರೆಯೊಂದರಿಂದ ಫೋನು. ಮೇಡಂ ಬಸ್ಸಿನಲ್ಲಿ ಕುಸಿದಿದ್ದರಂತೆ, ಕರೆತರುವಷ್ಟರಲ್ಲಿ ಜೀವ ಹೋಗಿತ್ತಂತೆ. ಆಫೀಸಿನವರು ಕಂಪ್ಯೂಟರು ನೋಡಿ ನನ್ನ ನಂಬರು ಕೊಟ್ಟಿದ್ದರು.

"ಅದ್ರಲ್ಲಿ ನೀವು ತಂಗಿ ಅಂತ ಇದೆಯಂತೆ. ಹೌದಾ ಅಮ್ಮ?" ಎಂದು ಆ ಕಡೆಯವರು ಕೇಳಿದರು.

ಆ ಜಾಗವನ್ನು ಮೇಡಂ ಯಾವತ್ತು ತುಂಬಿದ್ದರೋ, ನನಗೆ ಹೇಳಿರಲಿಲ್ಲ. ಹೌದು, ಬರ್ತಿದ್ದೀನಿ ಎಂದೆ.