ಮೈದಾನ ಸಾಲದ ಹೊನ್ನಪ್ಪ

ಬೆಳಗಿನ ಐದು ಗಂಟೆ. ನಾಗಪುರದ ಲಕ್ಷ್ಮೀ ನಗರದ ಮೈದಾನದಲ್ಲಿ ಹೊನ್ನಪ್ಪ ಸುಣ್ಣದ ಡಬ್ಬಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ನಡುವೆ ಗೂಟ, ಗೂಟಕ್ಕೆ ಹಗ್ಗ, ಹಗ್ಗದ ತುದಿಗೆ ಇವರು. ಈಗ ಮಾತಾಡಿಸಿದರೆ ಕೆಟ್ಟಿರಿ, ಗೆರೆ ಸೊಟ್ಟಗಾಯಿತೆಂದು ಮುಖ ಗಂಟಿಕ್ಕುತ್ತಾರೆ. ಪತ್ರಿಕೆಯವರೂ ಇದಕ್ಕೆ ಹೊರತಲ್ಲ.

ಅರವತ್ತೊಂದರ ಹೊನ್ನಪ್ಪ ಗದಗಿನ ಕಡೆಯವರು. ಊರ ಹೊರಗಿನ ಹಿಂಗಣಾದ ಕಾರ್ಖಾನೆಯ ಕೆಲಸ ಹೋದಮೇಲೆ ಈ ಮೈದಾನಕ್ಕೆ ಬಂದು ಹತ್ತೊಂಬತ್ತು ವರ್ಷ. ಗುಡಿಸುವುದು, ನೀರು ಹೊಡೆಯುವುದು, ಗೆರೆ ಎಳೆಯುವುದು. ಜೀವವೆಲ್ಲ ಮಾತ್ರ ಬೆಳಗಿನ ವ್ಯಾಯಾಮದ ಗುಂಪಿನ ಮೇಲೆ. ನಿವೃತ್ತ ಶಿಕ್ಷಕಿ ವಿಜಯಾ ಎಣಿಕೆ ಹೇಳುತ್ತಿದ್ದರು, ನಲವತ್ತೆರಡು ಮಂದಿ ಕೈಕಾಲು ಆಡಿಸುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಖಾಯಂ ಜಾಗ. ಅಲ್ಲಿ ಬೇರೆಯವರು ನಿಂತರೆ ಜಗಳವೇ.

ಕೊರೊನಾ ಬಂತು, ಗೇಟಿಗೆ ಬೀಗ ಬಿತ್ತು. ಎರಡನೇ ಅಲೆ ಇಳಿದು ಬೀಗ ತೆಗೆದಾಗ ಹೊನ್ನಪ್ಪ ಹಿಗ್ಗಿ ಹೀರೇಕಾಯಿಯಾದರು. ಅಂತರ ಇರಲೆಂದು ಒಬ್ಬೊಬ್ಬರ ಹಳೆಯ ಜಾಗದಲ್ಲೂ ಒಂದೊಂದು ಸುಣ್ಣದ ವೃತ್ತ ಬರೆದರು. ತೀರಿಕೊಂಡ ಐವರ ಜಾಗವನ್ನೂ ಬಿಡಲಿಲ್ಲ. ಬಿಟ್ಟರೆ ಮರ್ಯಾದೆಯಲ್ಲ ಎಂದುಕೊಂಡರು. ವಿಜಯಾ ಪಕ್ಕದಲ್ಲೇ ಅವರ ಗಂಡ ವೇಣುಗೋಪಾಲರ ಖಾಲಿ ವೃತ್ತ. ಮೂರರವರೆಗೆ ಎಣಿಸಿದ ವಿಜಯಾ ಅಷ್ಟಕ್ಕೇ ಬಿಟ್ಟು ಮನೆಗೆ ಹೊರಟುಹೋದರು. ಒಂದೇ ವಾರದಲ್ಲಿ ಗುಂಪೇ ಕರಗಿತು.

"ಮಂದೀನ್ನ ಓಡಿಸಿದಾಂವ ನಾನರೀ," ಎನ್ನುತ್ತಾರೆ ಹೊನ್ನಪ್ಪ. "ಚಲೋ ಆಗ್ಲಿ ಅಂತ ಮಾಡಿದ್ದೆ. ವಿಜಯಾಬಾಯಾರ ಮಾರಿ ನೋಡಿದ ಮ್ಯಾಲ ಗೊತ್ತಾತು, ತಪ್ಪ ಮಾಡಿದೆ ಅಂತ." ಗುಂಪು ಮತ್ತೆ ಕೂಡದಿದ್ದರೆ ತಾನಾದರೂ ಅಲ್ಲಿ ಯಾಕಿರಬೇಕು ಎಂಬ ಸಂಕಟ ಅವರಿಗೆ.

ಆದರೆ ಇವರು ಕೈಕಟ್ಟಿ ಕೂರುವ ಆಸಾಮಿಯಲ್ಲ. ಎಲ್ಲ ಗುರುತುಗಳನ್ನೂ ಗುಡಿಸಿ ಒಂದೇ ಒಂದು ದೊಡ್ಡ ವೃತ್ತ ಎಳೆದರು. ಇನ್ನು ಯಾರಿಗೂ ಖಾಯಂ ಜಾಗವಿಲ್ಲ, ಬಂದವರು ಬಂದಲ್ಲಿ ನಿಲ್ಲುವುದು. ಆಮೇಲೆ ಮನೆಮನೆ ತಿರುಗಿದರು. ಮೊದಲ ದಿನ ಬಂದವರು ಆರೇ ಮಂದಿ. ವಿಜಯಾ ಮನೆಗೆ ಹನ್ನೊಂದು ಸಲ ಹೋದರು, ಹನ್ನೊಂದು ಸಲವೂ ಚಹಾ ಕುಡಿದು ಬರಿಗೈಲಿ ಬಂದರು. ಹನ್ನೆರಡನೇ ಬೆಳಿಗ್ಗೆ ವಿಜಯಾ ತಾವಾಗಿ ಬಂದು ಗೇಟಿನ ಬಳಿ ನಿಂತರು. ಎಣಿಸುವವರಿಲ್ಲದೆ ಒಬ್ಬರ ಕೈ ಮೇಲೆ, ಒಬ್ಬರ ಕೈ ಕೆಳಗೆ. ಟೀಚರ್ ಜೀವ ತಡೆದೀತೆ? 'ಏಕ್' ಎನ್ನುತ್ತ ಒಳಗೆ ನಡೆದರು. ಹೊನ್ನಪ್ಪ ಅತ್ತೇಬಿಟ್ಟರಂತೆ.

ಈಗ ದಿನಕ್ಕೆ ನೂರ ಮೂವತ್ತು ಮಂದಿ. ಮಂದಿ ಹೆಚ್ಚಿದಂತೆಲ್ಲ ಹಿಗ್ಗಿಸಿದ ವೃತ್ತದ ಗೆರೆ ಬೇಲಿಗೆ ತಾಗಿದೆ. ನಿಮಗೇನು ಬೇಕು ಎಂದು ಕೇಳಿದರೆ ಹೊನ್ನಪ್ಪ ಕೈ ಒರೆಸಿಕೊಂಡು ಬೇಲಿಯನ್ನೇ ನೋಡುತ್ತಾರೆ.

"ನನಗೇನೂ ಬ್ಯಾಡ್ರಿ. ಪೇಪರ್‌ನ್ಯಾಗ ಇಷ್ಟ ಬರೀರಿ, ಹೊನ್ನಪ್ಪಗ ಮೈದಾನ ಸಾಲವಲ್ದು."