ಮೇಜಿಗೆ ಬಂದ ಚಹಾ

ನಮ್ಮ ಆಫೀಸಿನಲ್ಲಿ ತಕರಾರಿಗೆ ಬೇರೆಯೇ ಜಾಗವಿದೆ. ಕಾಕ್ಕನಾಡಿನ ಐಟಿ ಪಾರ್ಕಿನ ಗೇಟು ದಾಟಿದರೆ ಎದುರಿಗೇ ಇರುವ ಚಹಾದಂಗಡಿ. ಕಟ್ಟಡದ ಒಳಗೆ ಎಲ್ಲ ಇಂಗ್ಲಿಷ್. ಪಿಯುಸಿಗೆ ಓದು ಬಿಟ್ಟು ಹುಬ್ಬಳ್ಳಿಯಿಂದ ಬಂದ ನನಗೆ ಆ ಭಾಷೆಯಲ್ಲಿ ‘ಓಕೆ ಮೇಡಂ’ ಸಲೀಸಾಗಿ ಬರುತ್ತದೆ, ‘ನೋ ಮೇಡಂ’ ಬಾಯಿಂದ ಹೊರಡುವುದಿಲ್ಲ. ಹೊರಗೆ ಚಹಾದಂಗಡಿಯಲ್ಲಿ ಮಲಯಾಳಂ. ಅಲ್ಲಿ ನಾನು ನನ್ನ ಮೇಲಧಿಕಾರಿ ಮೇಡಂಗಿಂತ ದೊಡ್ಡವನು, ಅವರ ಚೇಟ್ಟ, ಅಂದರೆ ಅಣ್ಣ. ನೌಕರರನ್ನು ಮನೆಯಿಂದ ಕರೆತರುವ ಗಾಡಿಗಳ ಉಸ್ತುವಾರಿ ನನ್ನದು.

“ಎಡಪ್ಪಳ್ಳಿಗೆ ಒಂದೇ ಗಾಡಿ ಸಾಲಲ್ಲ ಮೇಡಂ.”

“ಚೇಟ್ಟನಿಗೆ ಬಿಟ್ಟರೆ ಬೆಕ್ಕಿಗೂ ಒಂದು ಗಾಡಿ ಬೇಕು ಅಂತೀರಿ!”

ಲೋಟ ಖಾಲಿಯಾಗುವಷ್ಟರಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಸೋತಿರುತ್ತಿದ್ದರು.

ಈ ಉಪಾಯ ನನ್ನ ಹೆಂಡತಿಯದು. “ಸಿಟ್ಟು ಮನೀಗೆ ಹೊತ್ಕೊಂಡು ಬರಬ್ಯಾಡ್ರಿ. ಅವರ ಕೈಯಾಗ ಬಿಸಿ ಚಾ ಇದ್ದಾಗ ಹೇಳಿಬಿಡ್ರಿ. ಲೋಟ ಬಿಟ್ಟು ಎಲ್ಲಿಗಿ ಹೋಗ್ತಾರ?” ಎಂದಿದ್ದಳು.

ಅವಳು ತೀರಿಹೋದದ್ದು ತಿರುವನಂತಪುರದಲ್ಲಿ, ಚಿಕಿತ್ಸೆಗೆ ಸೇರಿಸಿದ್ದ ಉಳ್ಳೂರ್ ಹತ್ತಿರದ ಆಸ್ಪತ್ರೆಯಲ್ಲಿ. ಕಾರ್ಯ ಮುಗಿಸಿ ನಾನು ಕೆಲಸಕ್ಕೆ ಮರಳಿದ ದಿನವೇ ಚಹಾ ನನ್ನ ಮೇಜಿಗೆ ಬಂತು, ಜೊತೆಗೆ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ. ಮೇಡಂ ಕಳಿಸಿದ್ದು. ಮರುದಿನವೂ ಬಂತು, ಆಮೇಲೆ ತಪ್ಪಲಿಲ್ಲ. ಡ್ರೈವರುಗಳು ನನ್ನ ಮುಂದೆ ದನಿ ತಗ್ಗಿಸಿ ಮಾತಾಡತೊಡಗಿದರು. ನಾನು ಕೂತಲ್ಲೇ ಕುಡಿಯುತ್ತಿದ್ದೆ, ಹೇಳಿದ್ದಕ್ಕೆಲ್ಲ ಓಕೆ ಎನ್ನುತ್ತಿದ್ದೆ.

ಹೀಗಿರುವಾಗ ಕಂಪನಿ ತಿರುವನಂತಪುರದಲ್ಲಿ ಹೊಸ ಆಫೀಸು ತೆರೆಯಿತು. ಅಲ್ಲಿ ಗಾಡಿಗಳ ವ್ಯವಸ್ಥೆ ಶುರು ಮಾಡಲು ಒಬ್ಬರು ಹೋಗಬೇಕಿತ್ತು. ನನ್ನನ್ನೇ ಕಳಿಸುತ್ತಾರೆ ಎಂದುಕೊಂಡಿದ್ದೆ. ಮೀಟಿಂಗಿನಲ್ಲಿ ಮೇಡಂ ಬೇರೊಬ್ಬರ ಹೆಸರು ಹೇಳಿ ನನ್ನತ್ತ ಮೃದುವಾಗಿ ನೋಡಿದರು. ನಾನು ‘ಓಕೆ ಮೇಡಂ’ ಎಂದೆ.

ಬಂದು ನೋಡಿದರೆ ಮೇಜಿನ ಮೇಲೆ ಚಹಾ ಕಾಯುತ್ತಿತ್ತು. ಕಪ್ಪನ್ನು ದಿಟ್ಟಿಸಿದೆ. ಈ ಹೊತ್ತಿಗೆ ಮೇಡಂ ಕೆಳಗೆ ಅಂಗಡಿಯಲ್ಲಿರುತ್ತಾರೆ ಎಂದು ನೆನಪಾಯಿತು. ಲಿಫ್ಟಿಗೂ ಕಾಯದೆ, ಕಪ್ಪು ಹಿಡಿದೇ ಮೆಟ್ಟಿಲಿಳಿದೆ. ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿತು.

“ಚಾಯ ಹಿಡ್ಕೊಂಡು ಚಾಯದಂಗಡಿಗೆ ಬಂದವರನ್ನ ಇವತ್ತೇ ನೋಡಿದ್ದು!” ಎಂದಳು ಅಂಗಡಿ ನಡೆಸುವ ಚೇಚ್ಚಿ, ಅಂದರೆ ಅಕ್ಕ. ಬೆಂಚಿನಲ್ಲಿ ಕೂತಿದ್ದ ಮೇಡಂ ಕೈಯಲ್ಲಿ ಲೋಟವಿತ್ತು. ಹೊಗೆಯಾಡುತ್ತಿತ್ತು. ಸದ್ಯ.

“ಮೇಡಂ, ತಿರುವನಂತಪುರಕ್ಕೆ ನಾನೇ ಹೋಗಬೇಕು.”

“ಅದು ಮುಗಿದ ಮಾತಲ್ವಾ ಚೇಟ್ಟಾ.”

“ಒಳಗೆ ಮುಗೀತು. ಇಲ್ಲಿ ಇನ್ನೂ ಶುರುವಾಗಿಲ್ಲ.”

ಅವರು ಲೋಟದ ಚಹಾ ಊದಿದರು. “ಗಾಡಿಗಳೆಲ್ಲ ಉಳ್ಳೂರ್ ದಾಟಿಯೇ ಹೋಗಬೇಕು. ದಿನಾ ಆ ಆಸ್ಪತ್ರೆ ನೋಡ್ತೀರಾ? ನಾನು ಕಳಿಸಲ್ಲ.”

ಕೆಡುಕು ಬಯಸುವ ಮೇಲಧಿಕಾರಿಗೆ ಎದುರು ನಿಲ್ಲಬಹುದು. ಒಳ್ಳೆಯದನ್ನೇ ಬಯಸುವವರಿಗೆ ಏನು ಹೇಳುವುದು? ನನ್ನ ದನಿ ಏರಿತು.

“ಆ ಆಸ್ಪತ್ರೆ ಕಿಟಕಿಯಿಂದ ಅವಳೂ ನಾನೂ ಕೆಳಗಿನ ಉಳ್ಳೂರ್ ಜಂಕ್ಷನ್ ನೋಡ್ತಾ ಕೂರ್ತಿದ್ದೆವು. ಬಸ್ಸು ಎಲ್ಲಿ ಅಡ್ಡ ನಿಲ್ಲುತ್ತೆ, ಗಾಡಿ ಎಲ್ಲಿ ತಿರುಗಿಸಬೇಕು ಅಂತ ನಾನು ಹೇಳೋದು, ‘ಇಲ್ಲೂ ನಿಮಗ ಗಾಡೀನ’ ಅಂತ ಅವಳು ನಗೋದು. ಅಲ್ಲಿ ಬರೀ ಸಾವಲ್ಲ ಮೇಡಂ ನಡೆದಿದ್ದು.”

“ಅಲ್ಲಿ ನಿಂತು ಅತ್ತುಬಿಟ್ಟರೆ?”

“ಅಳ್ತೀನಿ. ಗಾಡಿ ಟೈಮಿಗೆ ಬರುತ್ತೆ.”

“ಬೇಡ ಅಂದರೆ ಬೇಡ.”

“ತಲಿ ಕೆಟ್ಟೈತೇನ್ರಿ ನಿಮಗ!” ಎಂದುಬಿಟ್ಟೆ, ಅಚ್ಚ ಹುಬ್ಬಳ್ಳಿ ಮಾತಿನಲ್ಲಿ.

ಮೇಡಂ ಹುಬ್ಬೇರಿಸಿದರು. “ಈಗ ಬೈದಿರಾ?”

“ಬೈದೆ.”

“ಜೋರಾಗೇ ಬೈದರು,” ಎಂದು ಚೇಚ್ಚಿ ಸಾಕ್ಷಿ ನುಡಿದಳು. ಮೇಡಂ ನಕ್ಕರು. ನನಗೂ ನಗು ಬಂತು. ಎಷ್ಟೋ ಕಾಲದ ಮೇಲೆ ಕೈಕಾಲಿನಲ್ಲಿ ರಕ್ತ ಓಡುತ್ತಿರುವುದು ಗೊತ್ತಾಗುತ್ತಿತ್ತು.

“ಇನ್ನೊಂದು. ಮೇಜಿಗೆ ಚಾಯ ಕಳಿಸಬೇಡಿ.”

ಅವರ ಮುಖ ಸಣ್ಣದಾಯಿತು. “ಪ್ರೀತಿಯಿಂದ ಕಳಿಸಿದ್ದು.”

“ಗೊತ್ತು. ಆದರೆ ಅದು ಬಂದ ಮೇಲೆ ನನಗೆ ಜಗಳಕ್ಕೆ ಜಾಗವೇ ಇಲ್ಲ. ಮನೇಲಂತೂ ಇಲ್ಲ.”

ಮೇಡಂ ಲೋಟ ಮುಗಿಸಿದರು. ಎದ್ದು ಹೊರಟವರು ತಿರುಗಿ ಹೇಳಿದರು. “ಒಂದು ತಿಂಗಳು. ಆಮೇಲಿಂದು ಆಮೇಲೆ.”

ನಾನು ಕೇಳಿದ್ದರಲ್ಲಿ ಸ್ವಲ್ಪವೇ ಸಿಕ್ಕಿತ್ತು. ಆದರೂ ಆ ಸಂಜೆ ಬಸ್ಸು ಹತ್ತದೆ ಮನೆಯವರೆಗೂ ನಡೆದೇ ಹೋದೆ.

ಉಳ್ಳೂರಿನಲ್ಲಿ ಮೊದಲ ಬೆಳಿಗ್ಗೆ ಗಾಡಿಗಳು ಒಂದರ ಹಿಂದೊಂದು ನಾನು ಹೇಳಿದಲ್ಲೇ ತಿರುಗಿದವು. ಮೇಲೆ ಆ ಕಿಟಕಿ. ಕಣ್ಣು ತುಂಬಿಕೊಂಡಿತ್ತು. ಆಗ ಮೇಡಂ ಫೋನು. ಗಾಡಿ ನಿಲ್ಲುವ ಜಾಗವನ್ನು ಜಂಕ್ಷನ್ನಿನಿಂದಾಚೆಗೆ, ಆಸ್ಪತ್ರೆ ಕಾಣದ ಕಡೆಗೆ ಬದಲಿಸಬೇಕಂತೆ.

“ಓ—” ಎಂದವನು ಅಲ್ಲೇ ನಿಲ್ಲಿಸಿದೆ. “ಇಲ್ಲ ಮೇಡಂ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಇರಿ ಚೇಟ್ಟಾ. ಕೆಳಗೆ ಚಾಯದಂಗಡಿಗೆ ಇಳಿದು ಫೋನ್ ಮಾಡ್ತೀನಿ.”

ನಾನು ಆಸ್ಪತ್ರೆಯ ಎದುರಿನ ಅಂಗಡಿಗೆ ಓಡಿ, ಒಂದು ಬಿಸಿ ಚಹಾ ತೆಗೆದುಕೊಂಡು ಕಾದು ನಿಂತೆ.